ನಮ್ಮತ್ತೆಯ ಸ್ಥಿರ ಬಿಂದುಗಳು

ನಮ್ಮತ್ತೆಗೆ ತಲೆ ಕೆಟ್ಟಿದೆ ಅಂತ ತಮಿಳುನಾಡಿನ ಗಡಿಯೊಳಗಿನ ನಮ್ಮೂರು ತಿಗನಾರೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳಿದವರಿಗೆ ಅವಳು ಲೆಕ್ಕ ಹೇಳಿಕೊಡಲು ಕೂತುಬಿಡುತ್ತಿದ್ದಳಲ್ಲ, ಆ ಭಯ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗದೆ ನಮ್ಮ ಜೊತೆಗೇ ಇದ್ದಳು. ಹಗಲೆಲ್ಲ ಕಂಡವರ ಹೊಲದಲ್ಲಿ ಕಳೆ ಕೀಳುವ ಕೂಲಿ. ಬಿಡುವಾದರೆ, ತಾನು ಓದಿಯೂ ಪರೀಕ್ಷೆ ಬರೆಯದೆ ಬಿಟ್ಟ ಪ್ಲಸ್ ಟೂವಿನ, ರಟ್ಟು ಕಿತ್ತುಹೋದ ಗಣಿತದ ಪುಸ್ತಕ. ಅದರಲ್ಲೂ ಘನ ಸಮೀಕರಣದ ಗ್ರಾಫ್ ಕಂಡರೆ ಅವಳಿಗೆ ಬಾಡೂಟ ಕಂಡಷ್ಟು ಖುಷಿ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕು ಅಂದರೆ ಐದು ಚುಕ್ಕಿ ಇಟ್ಟು, ಏರಿ, ಇಳಿದು, ಮತ್ತೆ ಏರುವ ಒಂದು ಗೆರೆ ಎಳೆದು ಕೈ ಕೊಡವುತ್ತಿದ್ದಳು.

"ಇದೇನವ್ವ, ಆವಾ?" ಅಂದಳು ಪಕ್ಕದ ಮನೆಯ ಅಜ್ಜಿ, ಹಾವೇ ಕಂಡಂತೆ ಹಿಂದೆ ಸರಿದು.

"ಆವಲ್ಲ ಕಣಜ್ಜಿ, ಎಕ್ಸ್ ಘನ ಮೈನಸ್ ಮೂರು ಎಕ್ಸ್."

ಅಜ್ಜಿ ಅಂದಿನಿಂದ ಹಿತ್ತಿಲ ಕಡೆಯಿಂದ ಬರತೊಡಗಿದಳು!

ಒಮ್ಮೆ ಆನೆ ನಮ್ಮ ರಾಗಿ ಹೊಲಕ್ಕೆ ನುಗ್ಗಿತು. ನೋಡಲು ಬಂದ ಫಾರೆಸ್ಟಿನ ತಮಿಳು ಗಾರ್ಡು, ಆನೆ ಯಾವ ಕಡೆ ಹೋಯಿತು ಅಂತ ಕೇಳಿದ. ಅಪ್ಪ ಬಾಯಿ ತೆರೆಯುವ ಮೊದಲೇ ಅತ್ತೆ ಕೋಲಿನಿಂದ ಮಣ್ಣಲ್ಲಿ ಗೀಚಿದಳು.

"ಇಂಗೆ ಏರ್ಕಂಡ್ ಬಂತು ಸಾರ್. ಇದು ಗರಿಷ್ಠ. ಇಂಗೆ ಇಳೀತು, ಇದು ಕನಿಷ್ಠ. ಆಮೇಲೆ ಗುಡ್ಡ ಅತ್ತೋಯ್ತು. ಎರಡೂ ಸ್ಥಿರ ಬಿಂದು. ಅಲ್ಲಿ ಇಳಿಜಾರು ಸೊನ್ನೆ, ಆನೆ ನಿಂತದೆ."

"ನಿಂತಿದ್ದು ನಿಂಗೆಂಗಮ್ಮ ಗೊತ್ತು?"

"ಎರಡ್ ಕಡೆನೂ ಲದ್ದಿ ಬಿದ್ದದಲ್ಲ ಸಾರ್!"

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಗಾರ್ಡು ನೋಟ್‌ಬುಕ್ಕಿನಲ್ಲಿ ಆ ಗೆರೆಯನ್ನು ಹಾಗೇ ಬರೆದುಕೊಂಡು ಹೋದ.

ನಾನು ಪ್ಲಸ್ ಟೂಗೆ ಬಂದದ್ದೇ ತಡ, ಅವಳ ಕೈಗೆ ಸಿಕ್ಕಿಬಿದ್ದೆ. ಒಂದು ದಿನ ಸ್ಕೇಲಿಟ್ಟು ಚುಕ್ಕಿಗಳನ್ನು ಜೋಡಿಸಿದೆ. ತಲೆಗೆ ಮೊಟಕಿದಳು. "ಇದು ಬೇಲಿ ಕಣ್ಲಾ, ಗ್ರಾಫಲ್ಲ! ತಿರುಗೋ ಜಾಗ ಮೊದ್ಲು ಕಂಡಿಡಿ, ಆಮೇಲೆ ಕೈ ಬುಟ್ಬುಡು, ಅದೇ ಓಯ್ತದೆ." ನನ್ನ ಕೈ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವಳೂ ಬಿಡಲಿಲ್ಲ.

ಕೊನೆಗೆ ಪರೀಕ್ಷೆ ಬಂತು. ಹತ್ತು ಮಾರ್ಕಿಗೆ ಗ್ರಾಫೇ ಬಂತು! ಬರೆದವನೇ ಹೊಲಕ್ಕೆ ಓಡಿದೆ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೈಯ ಮಣ್ಣನ್ನು ಸೀರೆಗೆ ಒರೆಸಿ, ಪ್ರಶ್ನೆಪತ್ರಿಕೆ ಕಿತ್ತುಕೊಂಡು, ಬದುವಿನ ಮೇಲೆ ಕೂತು ಅದರ ಹಿಂದೆಯೇ ಬರೆಯತೊಡಗಿದಳು. ಒಂದರಲ್ಲಿ ಗರಿಷ್ಠ, ಮೂರರಲ್ಲಿ ಕನಿಷ್ಠ. ಗೆರೆ ಎಲ್ಲೂ ನಡುಗಲಿಲ್ಲ.

"ಅತ್ತೆ, ಇಷ್ಟೆಲ್ಲ ಬತ್ತದೆ. ನೀನ್ಯಾಕೆ ಅವತ್ತು ಪರೀಕ್ಷೆ ಬರೀನಿಲ್ಲ?"

ಗೆರೆಯ ಮೇಲಿಂದ ಅವಳು ಕಣ್ಣೆತ್ತಲಿಲ್ಲ.

"ನಿಮ್ಮವ್ವ ತೀರೋಗಿ ಇನ್ನೂ ತಿಂಗ್ಳಾಗಿರ್ನಿಲ್ಲ. ಗಣಿತದ ಪರೀಕ್ಷೆ ದಿನ ನಿಂಗೆ ಜರ ಬಂದಿತ್ತು ಕಣ್ಲಾ. ನೆಲಕ್ ಬುಟ್ರೆ ನೀ ಅಳ್ತಿದ್ದೆ."

ಅವಳು ಪತ್ರಿಕೆ ನನ್ನ ಮುಂದೆ ಹಿಡಿದಳು.

"ಮಾರ್ಕ್ ಆಕು."

ಹತ್ತಕ್ಕೆ ಹತ್ತು ಹಾಕಿದೆ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಸೈನ್ ಆಕ್ಲಾ. ಸೈನ್ ಇಲ್ದಿದ್ರೆ ಯಾರ್ ನಂಬ್ತಾರೆ?"

ಹಾಕಿದೆ. ಕಣ್ಣು ಮಂಜಾಗಿ ಅದು ಸ್ವಲ್ಪ ಸೊಟ್ಟಗಾಯಿತು. ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಳೆ ಕೀಳಲು ಇಳಿದಳು.