ಹನ್ನೆರಡು ಕುಂಡ, ಒಂದು ಪಾಥ್‌ವೇ

ಸಿಟ್ಟಿನಲ್ಲಿ ಮನುಷ್ಯರನ್ನು ಬಯ್ದರೆ ಆಮೇಲೆ ನಾವೇ ಹೋಗಿ ಮಾತಾಡಿಸಬೇಕಾಗುತ್ತದೆ. ಆದ್ದರಿಂದ ನಾನು ಕಂಪ್ಯೂಟರನ್ನು ಬಯ್ಯುತ್ತೇನೆ. ಈ ವರ್ಷ ಬಯ್ದಷ್ಟು ಎಂದೂ ಬಯ್ದಿರಲಿಲ್ಲ. ನಾನು ಇಂಡಿ ಎಂಬ ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಮನೆ ಸಿಂದಗಿಯಲ್ಲಿ. ನಲವತ್ತಾರನೆಯ ವಯಸ್ಸಿಗೆ ಪಿಎಚ್.ಡಿ. ಹುಚ್ಚು ಹತ್ತಿತು. ನೀರಿಲ್ಲದಿದ್ದರೂ ಬಿಳಿಜೋಳ ಹೇಗೆ ಜೀವ ಹಿಡಿದುಕೊಳ್ಳುತ್ತದೆ ಎಂಬುದು ವಿಷಯ. ಅತ್ತೆಯವರ ತವರು ಕನ್ನೊಳ್ಳಿಯಿಂದ ಬೀಜ ತರಿಸಿ ಮಾಳಿಗೆಯ ಮೇಲೆ ಹನ್ನೆರಡು ಕುಂಡಗಳಲ್ಲಿ ಬಿತ್ತಿದೆ. ಒಂದು ಸಾಲಿನ ಆರಕ್ಕೆ ದಿನವೂ ನೀರು. ಇನ್ನೊಂದು ಸಾಲಿನ ಆರಕ್ಕೆ ಹತ್ತು ದಿನ ಉಪವಾಸ. ಹತ್ತು ದಿನವಾದರೂ ಉಪವಾಸದ ಸಾಲಿನ ಒಂದು ಎಲೆಯೂ ಸುರುಳಿಯಾಗಲಿಲ್ಲ. ನಮ್ಮ ಜೋಳದ ತಾಕತ್ತು ಎಂದರೆ ಇದು ಎಂದು ಬೀಗುತ್ತ ಎಲೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದೆ.

ಅಲ್ಲಿಂದ ಸಾವಿರಾರು ಜೀನುಗಳ ಪಟ್ಟಿ ಬಂತು. ಅವು ಜೀವಕೋಶದೊಳಗೆ ಒಂದರೊಡನೊಂದು ಕೈಜೋಡಿಸಿ ಯಾವ ಕೆಲಸ ಮಾಡುತ್ತವೆ, ಆ ಕೆಲಸದ ದಾರಿ ಯಾವುದು ಎಂದು ತೋರಿಸುವುದೇ ಪಾಥ್‌ವೇ ಸಾಫ್ಟ್‌ವೇರ್. ತೋರಿಸಬೇಕಲ್ಲ! ಮೊದಲ ವಾರ ಅದು ನನ್ನ ಜೋಳಕ್ಕೆ ಹೃದ್ರೋಗ ಇದೆ ಎಂದಿತು. ಜೀವಿ ಯಾವುದು ಎಂಬಲ್ಲಿ ಅದು ತಾನಾಗಿ 'ಮನುಷ್ಯ' ಎಂದು ಇಟ್ಟುಕೊಂಡಿತ್ತಂತೆ, ನಾನು ಬದಲಿಸಿರಲಿಲ್ಲ. ಬದಲಿಸಿದೆ. ಆಗ ಅದು ಎರಡು ಸಾಲಿಗೂ ಗಮನಾರ್ಹ ವ್ಯತ್ಯಾಸವೇ ಇಲ್ಲ ಎಂದು ತೆಪ್ಪಗಾಯಿತು. ಯೂಟ್ಯೂಬ್ ನೋಡಿದೆ. ಆನ್‌ಲೈನ್ ತರಬೇತಿಗೆ ಸೇರಿ, ಕಲಿಸುವವರ ಇಂಗ್ಲಿಷಿನ ವೇಗಕ್ಕೆ ಸುಸ್ತಾದೆ. ಪಟ್ಟಿಯನ್ನು ಹದಿನೇಳು ಸಲ ತುಂಬಿದೆ. ಹದಿನೇಳು ಸಲವೂ ಅದೇ ಮೊಂಡು ಉತ್ತರ. ಪ್ರಬಂಧಕ್ಕೆ ನನಗೆ ಉಳಿದಿರುವುದು ಇದೊಂದೇ ವರ್ಷ. ತಪ್ಪಿದರೆ ನೋಂದಣಿಯೇ ರದ್ದು. ಅಳು ಬರುತ್ತಿತ್ತು.

ಕೊನೆಗೆ ಒಂದು ಉಪಾಯ ಕಲಿತೆ. ಎಷ್ಟು ವ್ಯತ್ಯಾಸವಿದ್ದರೆ ಲೆಕ್ಕಕ್ಕೆ ಹಿಡಿಯಬೇಕು ಎಂಬ ಮಿತಿಯನ್ನು ನಾವೇ ಸಡಿಲಿಸಬಹುದಂತೆ. ಸ್ವಲ್ಪ ಸಡಿಲಿಸಿದೆ. ಇನ್ನೂ ಸ್ವಲ್ಪ. ಲಂಗುಲಗಾಮಿಲ್ಲದಷ್ಟು ಸಡಿಲಿಸಿದ ಮೇಲೆ ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳ ಸಮೇತ ಒಂದು ಪಾಥ್‌ವೇ ಮೂಡಿತು. ಬರ ತಾಳುವ ಶಕ್ತಿಯ ಗುಟ್ಟು ಸಿಕ್ಕಿತೆಂದು ಅದರ ಮೇಲೆ ಹದಿನಾಲ್ಕು ಪುಟ ಬರೆದೆ. ಗೈಡ್ ಸರ್ ಫೋನ್ ಮಾಡಿ, "ಭಾಳ ಛಲೋ ಬಂದೈತ್ರಿ ಮೇಡಂ, ಕಡೀ ಅಧ್ಯಾಯ ಅಂದ್ರ ಹಿಂಗಿರಬೇಕು" ಎಂದರು.

ಆ ಖುಷಿಯಲ್ಲಿ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯವರಿಗೆ, "ನಿಮ್ಮ ತವರಮನಿ ಜ್ವಾಳ ಹತ್ತ ದಿನ ನೀರಿಲ್ದ ಬದುಕೇತ್ರಿ ಅತ್ತಿ!" ಎಂದೆ.

ಅವರು ಕೈ ನಿಲ್ಲಿಸಲಿಲ್ಲ. "ನೀರಿಲ್ದ ಯಾಕ? ನಾ ದಿನಾ ಸಂಜಿಕ ಹಾಕ್ತಿದ್ನಲ್ಲ."

"ಏನ್ ಹಾಕ್ತಿದ್ರಿ?"

"ನೀ ಇಂಡಿಯಿಂದ ಬರೂದ್ರೊಳಗ ಒಂದೊಂದ್ ತಂಬಗಿ ನೀರು. ಒಂದ್ ಸಾಲಿಗೆ ಬಡಿಸಿ ಇನ್ನೊಂದ್ ಸಾಲಿಗೆ ಬಿಟ್ರ ಪಂಕ್ತಿಭೇದ ಆಗೂದಿಲ್ಲೇನ ಯವ್ವಾ? ಗಡಿಬಿಡ್ಯಾಗ ಮರ್ತಿ ಅಂದ್ಕೊಂಡೆ."

ಅತ್ತೆಯವರ ಮೇಲೆ ಸಿಟ್ಟು ಬರಲಿಲ್ಲ; ನನ್ನ ಮೇಲೆಯೇ ನಾಚಿಕೆಯಾಯಿತು. ವ್ಯತ್ಯಾಸವಿಲ್ಲ, ವ್ಯತ್ಯಾಸವಿಲ್ಲ ಎಂದು ಹದಿನೇಳು ಸಲ ಸತ್ಯ ಹೇಳಿದ್ದ ಸಾಫ್ಟ್‌ವೇರಿನ ಬಾಯಿ ಮುಚ್ಚಿಸಿ, ಹೊಟ್ಟೆ ತುಂಬ ನೀರು ಕುಡಿದ ಜೋಳದ ತಾಳಿಕೆಯ ಬಗ್ಗೆ ಹದಿನಾಲ್ಕು ಪುಟ ಬರೆದಿದ್ದೆ. ಗೈಡ್ ಸರ್‌ಗೆ ಎಲ್ಲ ಹೇಳಿದೆ. "ಮತ್ತ ಬಿತ್ರಿ ಮೇಡಂ, ಟೈಮ್ ಐತಿ" ಎಂದರು. ಪುಟಗಳನ್ನು ಅಳಿಸಿದೆ.

ಈ ಸಲ ಕಾಲೇಜಿನ ಮಾಳಿಗೆಯ ಮೇಲೆ ಬಿತ್ತಿ, ಬಾಗಿಲಿಗೆ ಬೀಗ ಹಾಕಿ, ಕೀಲಿ ನನ್ನ ಪರ್ಸಿನಲ್ಲೇ ಇಟ್ಟುಕೊಂಡೆ. ಆರನೆಯ ದಿನ ಒಂದು ಸಾಲಿನ ಎಲೆಗಳು ಸುರುಳಿ ಸುತ್ತಿದವು. ಕುಣಿದಾಡಬೇಕಿತ್ತು. ಎಂಟನೆಯ ದಿನ ತುದಿಯ ಕುಂಡದ ಪೈರು ಪೂರ್ತಿ ತಲೆ ಬಾಗಿಸಿ ನಿಂತಿತ್ತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಬಾಟಲಿಯಲ್ಲಿ ನಾನು ಕುಡಿದು ಉಳಿದಿದ್ದ ನೀರನ್ನು ಅದರ ಬುಡಕ್ಕೆ ಸುರಿದೆ. ಆ ಕುಂಡವನ್ನು ಪಟ್ಟಿಯಿಂದ ನಾನೇ ಹೊಡೆದುಹಾಕಿದ್ದೇನೆ. ಇಲ್ಲದಿದ್ದರೆ ಆ ಸಾಫ್ಟ್‌ವೇರ್ ಹೇಗೂ ಹೇಳಿಬಿಡುತ್ತದೆ.