ಚಲನಶಕ್ತಿಯೂ ಒಂದು ಹಂಪೂ

ನಮ್ಮ ವಾರ್ಡಿನ ರಸ್ತೆ ವಿಭಾಗದವರು ಮಕ್ಕಳ ಜೀವದ ವಿಷಯದಲ್ಲಿ ಬೇಜವಾಬ್ದಾರಿಯಿಂದ ನಡೆದುಕೊಂಡಿದ್ದಾರೆ. ಜೊತೆಗೆ ಅವರಿಗೆ ಭೌತಶಾಸ್ತ್ರವೂ ಬರುವುದಿಲ್ಲ. ಎರಡನೆಯ ಆರೋಪವನ್ನು ಸ್ವಲ್ಪ ಹೆಮ್ಮೆಯಿಂದಲೇ ಮಾಡುತ್ತಿದ್ದೇನೆ. ನನ್ನ ಭೌತಶಾಸ್ತ್ರದ ಎಂ.ಎಸ್ಸಿ. ಈ ಪ್ರಕರಣದವರೆಗೆ ಮನೆಯಲ್ಲಿ ಹೋದ ಫ್ಯೂಸ್ ಹಾಕುವುದಕ್ಕಷ್ಟೇ ಉಪಯೋಗವಾಗಿತ್ತು.

ಮರ್ಫಿ ಟೌನಿನ ನಮ್ಮ ಮನೆಯಲ್ಲಿ ಸಂಜೆ ಟ್ಯೂಷನ್ ಹೇಳಿಕೊಡುತ್ತೇನೆ. ಒಂದು ದಿನ ಕೆಲಸ ಮತ್ತು ಚಲನಶಕ್ತಿಯ ಲೆಕ್ಕ: ಸ್ಕೂಟರಿನ ವೇಗ ಎರಡು ಪಟ್ಟಾದರೆ, ಬ್ರೇಕ್ ಹಾಕಿದ ಮೇಲೆ ಅದು ನಿಲ್ಲಲು ಎಷ್ಟು ದೂರ ಬೇಕು?

“ಎರಡು ಪಟ್ಟು ಸಾರ್,” ಎಂದಳು ಹತ್ತನೆಯ ತರಗತಿಯ ಸೆಲ್ವಿ, ಯೋಚಿಸದೆ.

ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಷ್ಟನ್ನೂ ಇಳಿಸುವ ಕೆಲಸ ಬ್ರೇಕಿನದು. ಬ್ರೇಕಿನ ಬಲ ಮೊದಲಿನಷ್ಟೇ ಇರುವುದರಿಂದ ದೂರ ನಾಲ್ಕು ಪಟ್ಟಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

“ಹಂಗಾದ್ರೆ ನಮ್ ಸ್ಕೂಲ್ ಗೇಟ್ ಹತ್ರ ಆಟೋದವ್ರು ಬ್ರೇಕ್ ಹಾಕಿದ್ರೂ ನಿಲ್ಲಲ್ಲ ಅಲ್ವಾ ಸಾರ್? ನನ್ ತಂಗಿ ಅಲ್ಲೇ ರೋಡ್ ದಾಟ್ತಾಳೆ.”

ಮಾತು ಸರಿಯೇ. ಇಳಿಜಾರಿನಲ್ಲಿ ಬರುವ ವಾಹನಗಳು ಶಾಲೆಯ ಗೇಟನ್ನು ಪೂರ್ತಿ ವೇಗದಲ್ಲಿ ದಾಟಿ, ಆಮೇಲೆ ಸ್ಥಳೀಯ ಮುಖಂಡರೊಬ್ಬರ ಮನೆಯ ಮುಂದಿನ ರಸ್ತೆಯುಬ್ಬಿನ, ಅಂದರೆ ಹಂಪಿನ, ಬಳಿ ವಿನಯದಿಂದ ನಿಧಾನವಾಗುತ್ತವೆ.

ಮರುದಿನವೇ ಲೆಕ್ಕವನ್ನು ಚಿತ್ರಸಮೇತ ಬಿಡಿಸಿ, ಶಾಲೆಯ ಗೇಟಿಗೊಂದು ಹಂಪ್ ಬೇಕೆಂಬ ಅರ್ಜಿಯ ರೂಪ ಕೊಟ್ಟು, ರಸ್ತೆ ವಿಭಾಗದ ಎಂಜಿನಿಯರರ ಮೇಜಿನ ಮೇಲಿಟ್ಟೆ. ಅವರು ಸಮೀಕರಣಗಳನ್ನೆಲ್ಲ ಹಾರಿ ಕೊನೆಯ ಸಾಲಿಗೆ ಬಂದರು. “ಒಂದು ಹಂಪ್ ತಾನೇ ಸಾರ್? ಇದಕ್ಕೆ ಇಷ್ಟೆಲ್ಲಾ ಯಾಕ್ರೀ? ಆಗತ್ತೆ, ಹೋಗಿ.” ವಿಜ್ಞಾನ ಗೆದ್ದಿತೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ.

ಕೆಲವೇ ದಿನಗಳಲ್ಲಿ ಹಂಪ್ ಬಂತು. ಬಂದದ್ದು ನಮ್ಮ ಮನೆಯ ಮುಂದೆ. ಓಡಿಹೋಗಿ ವಿಚಾರಿಸಿದರೆ, “ಅರ್ಜಿಲಿ ನಿಮ್ ಅಡ್ರೆಸ್ಸೇ ಇತ್ತಲ್ಲ ಸಾರ್? ಕೇಳ್ದೋರ್ ಮನೆ ಮುಂದೆನೇ ಹಾಕೋದು ನಾವು,” ಎಂದರು ಎಂಜಿನಿಯರರು. ನಮ್ಮದು ಕೊನೆಯಲ್ಲಿ ಗೋಡೆಯಿರುವ ಓಣಿ. ಅಲ್ಲಿ ಓಡಾಡುವ ವಾಹನವೆಂದರೆ ನನ್ನ ಹಳೆಯ ಸ್ಕೂಟರ್ ಒಂದೇ. ಆ ಹಂಪ್ ಈಗ ದಿನಾ ಎರಡು ಸಲ ನನ್ನ ಬೆನ್ನುಮೂಳೆಯ ಮೇಲೆ ಕೆಲಸ ಮಾಡುತ್ತಿದೆ.

“ಏನ್ ಗುರು, ಲೀಡರ್ ಆಗ್ಬಿಟ್ಟೆ! ಹಾರ ಯಾವಾಗ?” ಎಂದ ಎದುರುಮನೆಯ ಗೆಳೆಯ ಇಮ್ತಿಯಾಜ್.

ಸೆಲ್ವಿ ಮಾತ್ರ ನಗಲಿಲ್ಲ. “ನಮ್ ಗೇಟ್‌ಗೆ ಯಾವಾಗ ಸಾರ್?” ಎಂದಳು.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿ: ಇಳಿಜಾರಿನ ಕಡೆ, ಶಾಲೆಯ ಗೇಟಿಗಿಂತ ಮೊದಲೇ ಹಂಪ್ ಏಕಿಲ್ಲವೆಂಬುದಕ್ಕೆ ಲಿಖಿತ ಉತ್ತರ ಕೊಡಬೇಕು, ಈಗಿನ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಅದನ್ನು ಹಾಕಿಸಬೇಕು. ಈ ಸಲ ಲೆಕ್ಕವನ್ನು ಲಗತ್ತಿಸಿಲ್ಲ. ಅರ್ಜಿದಾರನ ವಿಳಾಸ ಎಂಬಲ್ಲಿ ಶಾಲೆಯ ಗೇಟಿನ ವಿಳಾಸವನ್ನೇ ಬರೆದಿದ್ದೇನೆ.