ಕೈಯನ್ನು ನಂಬದ ಮಾವ

ನಮ್ಮ ಸೋದರಮಾವ ಈ ಲೋಕದಲ್ಲಿ ಎಲ್ಲವನ್ನೂ ನಂಬುತ್ತಿದ್ದರು. ಹಲ್ಲಿಯ ಶಕುನ, ರೇಡಿಯೋದ ಹವಾಮಾನ ವರದಿ, ಬೀರೂರಿನಿಂದ ಬರುವ ಪ್ಯಾಸೆಂಜರ್ ರೈಲಿನ ವೇಳೆ, ಯಾವುದನ್ನೂ ಅವರು ಅನುಮಾನಿಸಿದ್ದನ್ನು ನಾನು ಕಂಡಿಲ್ಲ. ನಂಬದೇ ಇದ್ದದ್ದು ಒಂದನ್ನೇ, ಮನುಷ್ಯನ ಕೈಯನ್ನು! ಅದರಲ್ಲೂ ಏನನ್ನಾದರೂ ಹಿಡಿದುಕೊಂಡಿರುವ ಕೈಯನ್ನು. ಕೈಕೆಲಸದಿಂದಲೇ ಹೊಟ್ಟೆ ಹೊರೆಯುವ ಅಕ್ಕಸಾಲಿಗನಿಗೆ ಇಂಥ ಕಾಯಿಲೆ ಅಂಟಿದರೆ ಗತಿಯೇನು ಹೇಳಿ?

ಅಜ್ಜಂಪುರದಲ್ಲಿ ಅವರ ಮನೆಯ ಮುಂಭಾಗವೇ ಅಂಗಡಿ. ನಮ್ಮದು ತರೀಕೆರೆಯಾದರೂ ನಾನು ಹೈಸ್ಕೂಲು ಓದಿದ್ದು ಮಾವನ ಮನೆಯಲ್ಲಿದ್ದುಕೊಂಡು, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಕಾಲುಂಗುರ, ಉಡಿದಾರ, ಮಕ್ಕಳ ಕಾಲ್ಗೆಜ್ಜೆ, ಹೀಗೆ ಬೆಳ್ಳಿಯ ಸಣ್ಣ ಕೆಲಸವೇ ಹೆಚ್ಚು. ಗೆಜ್ಜೆ ಎಂದರೆ ನೀವು ಅದರ ಸದ್ದನ್ನಷ್ಟೇ ಕೇಳಿರುತ್ತೀರಿ. ಅದರ ನೆತ್ತಿಯ ಮೇಲೆ ಸರಪಳಿಗೆ ಸಿಕ್ಕಿಸಲು ಎಳ್ಳುಕಾಳಿಗಿಂತ ಚೂರು ದೊಡ್ಡದಾದ ಒಂದು ಕೊಂಡಿ ಇರುತ್ತದೆ. ಆ ಕೊಂಡಿಯನ್ನು ನೆಟ್ಟಗೆ ನಿಲ್ಲಿಸಿ, ಬೆಸುಗೆಯ ಚೂರು ಇಟ್ಟು, ಬಿಳಿಗಾರ ಸವರಿ, ಊದುಗೊಳವೆಯಿಂದ ಉರಿ ಹಾಯಿಸಬೇಕು. ಬಿಳಿಗಾರ ಕಾದರೆ ಹಪ್ಪಳದಂತೆ ಉಬ್ಬಿಕೊಳ್ಳುತ್ತದೆ. ಮೇಲೆ ಕೂತಿದ್ದ ಕೊಂಡಿ ಹಾರಿ ಎಲ್ಲೋ ಬೀಳುತ್ತದೆ.

ಬೇರೆ ಅಕ್ಕಸಾಲಿಗರು ಅದನ್ನು ಚಿಮಟದಲ್ಲಿ ಹಿಡಿದು ಕೆಲಸ ಮುಗಿಸುತ್ತಿದ್ದರು. ಮಾವನಿಗೆ ಅದು ಒಪ್ಪಿಗೆಯಿಲ್ಲ. ಉಸಿರೆಳೆದರೆ ಕೈ ಅಲುಗುತ್ತದೆ, ಹೆಂಡತಿ ನೆನಪಾದರೂ ಕೈ ಅಲುಗುತ್ತದೆ ಎಂಬುದು ಅವರ ವಾದ. ನೆನಪಾಗುವಷ್ಟು ದೂರ ನಾನು ಯಾವತ್ತು ಹೋಗಿದ್ದೇನೆ ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಿದ್ದರು. ಮಾವ ಗುಲಗಂಜಿಯ ಕೆಂಪು ಸಿಪ್ಪೆ ತೆಗೆದು, ಒಳಗಿನ ಬೇಳೆಯನ್ನು ನೀರು ಹಾಕಿ ಕಲ್ಲಿನ ಮೇಲೆ ತೇದು, ಆ ಅಂಟಿನಲ್ಲಿ ಕೊಂಡಿಯನ್ನು ಕೂರಿಸುತ್ತಿದ್ದರು. ಅದರ ಮೇಲೆ ಕಬ್ಬಿಣದ ಸಣ್ಣ ತಂತಿ ಸುತ್ತುತ್ತಿದ್ದರು. ಅದೂ ಸಾಲದು ಅನ್ನಿಸಿದರೆ ಕಚ್ಚಿ ಹಿಡಿಯುವಂಥದ್ದು ಏನಾದರೂ ಸಿಕ್ಕೀತೆಂದು ಮನೆಯೊಳಗೆ ಬೇಟೆಗೆ ಹೊರಡುತ್ತಿದ್ದರು. ಅತ್ತೆಯ ಹೇರ್‌ಪಿನ್ನು, ನನ್ನ ಹೇರ್‌ಪಿನ್ನು, ಕೊಡೆಯ ಕಡ್ಡಿ, ಪಕ್ಕದ ಮನೆಯವರ ಸೈಕಲ್ಲಿನ ಮುರಿದ ಕಡ್ಡಿ, ಯಾವುದಕ್ಕೂ ಉಳಿಗಾಲವಿರಲಿಲ್ಲ. ಆ ಮನೆಯ ಕೊಡೆ ಮಳೆಯಲ್ಲಿ ಬಿಚ್ಚಿದರೆ ಒಂದು ಮಗ್ಗುಲು ಸೊಟ್ಟಗೆ ಜೋತುಬೀಳುತ್ತಿತ್ತು!

ಅಂಗಡಿಯಲ್ಲಿ ಇನ್ನೊಂದು ಕಟ್ಟಳೆ. ಉರಿ ಊದುವಾಗ ಯಾರೂ ಸೀನಬಾರದು. ಒಮ್ಮೆ ಪಂಚನಹಳ್ಳಿಯ ಅಜ್ಜಿಯೊಬ್ಬರು ಎದುರಿಗೆ ಕೂತವರು ತಡೆಯಲಾರದೆ ಸೀನಿಬಿಟ್ಟರು. ತಟ್ಟೆಯಲ್ಲಿದ್ದ ಹನ್ನೊಂದು ಕೊಂಡಿಗಳು ಮಾಯ! ಚಾಪೆ ಎತ್ತಿ, ಬೂದಿ ಜರಡಿ ಹಿಡಿದು ಹುಡುಕಿದೆವು. ಹತ್ತು ಸಿಕ್ಕವು. ಮರುವಾರ ಅಜ್ಜಿ ಬಸ್ಸು ಹತ್ತಿ ಬಂದು, ಎಲೆಅಡಿಕೆ ಚೀಲದಲ್ಲಿ ಸಿಕ್ಕಿತೆಂದು ಹನ್ನೊಂದನೆಯದನ್ನು ಅಂಗೈಯಲ್ಲಿಟ್ಟು ಕೊಟ್ಟರು. ಅಂದಿನಿಂದ ಗಿರಾಕಿ ಮೆಟ್ಟಿಲು ಹತ್ತಿದರೆ ಏನು ಬೇಕೆಂದು ಮಾವ ಕೇಳುತ್ತಿರಲಿಲ್ಲ. ನೆಗಡಿ ಇದೆಯೇ ಎಂದು ಕೇಳುತ್ತಿದ್ದರು.

ನನ್ನನ್ನು ನೋಡಲು ಕಡೂರಿನಿಂದ ಗಂಡಿನ ಕಡೆಯವರು ಬಂದದ್ದೂ ಆ ಮನೆಗೇ. ಹೂ ಮುಡಿಸಲು ಅತ್ತೆ ಹುಡುಕುತ್ತಾರೆ, ಒಂದಾದರೂ ಪಿನ್ನಿಲ್ಲ! ಎಲ್ಲವೂ ಯಾರದೋ ಉಡಿದಾರ ಕಚ್ಚಿಕೊಂಡು ಕೂತಿವೆ. ಮಾವ ಸ್ವಲ್ಪವೂ ವಿಚಲಿತರಾಗದೆ ತಮ್ಮ ತಂತಿಯನ್ನೇ ತಂದು ನನ್ನ ಜಡೆಗೆ ಮಲ್ಲಿಗೆ ದಂಡೆಯನ್ನು ಬಿಗಿದರು. ಬಿಗಿ ಎಂದರೆ ಎಂಥದು ಅಂತೀರಿ? ಎರಡು ದಿನವಾದರೂ ದಂಡೆ ಕಳಚಲಿಲ್ಲ, ಕೊನೆಗೆ ಅವರ ಕತ್ತರಿಯೇ ಬರಬೇಕಾಯಿತು. ಮಾವನ ಮನೆಯಿಂದ ತಂತಿ ಬಿಗಿದು ಕಳಿಸಿದ ಮಾಲು ನಾನು ಎಂದು ನನ್ನ ಗಂಡ ಇವತ್ತಿಗೂ ರೇಗಿಸುತ್ತಾರೆ.

ಮದುವೆಯಾಗಿ ಕಡೂರು ಸೇರಿದೆ. ಮೊದಲೆರಡು ಬಸಿರು ನಿಲ್ಲಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ತರೀಕೆರೆಯಿಂದ ಬಂದ ಅಮ್ಮ ನಮ್ಮಲ್ಲೇ ಉಳಿದರು. ಅವಳನ್ನು ನೆಲಕ್ಕೆ ಬಿಡಲು ಯಾರಿಗೆ ಧೈರ್ಯ? ನಾನು ಇಳಿಸಿದರೆ ಅಮ್ಮ ಎತ್ತಿಕೊಳ್ಳುವರು, ಅಮ್ಮ ಇಳಿಸಿದರೆ ನಾನು ಎತ್ತಿಕೊಳ್ಳುವೆ. ಒಂದೂವರೆ ವರ್ಷವಾದರೂ ಮಗು ನಡೆಯಲಿಲ್ಲ. ಕಡೂರಿನ ಡಾಕ್ಟರು ಕಾಲು ತಟ್ಟಿ, ಬಗ್ಗಿಸಿ ನೋಡಿ, ಏನೂ ತೊಂದರೆಯಿಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ. ಬೀದಿಯಲ್ಲಿ ಅವಳ ವಾರಿಗೆಯ ಮಕ್ಕಳು ಓಡುವುದನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಇವಳು ನಡೆಯದೆಯೇ ಉಳಿದುಬಿಟ್ಟರೆ?

ಗೆಜ್ಜೆ ಕಟ್ಟಿದರೆ ಸದ್ದಿನ ಆಸೆಗಾದರೂ ಹೆಜ್ಜೆ ಇಟ್ಟಾಳು ಎಂದು ಅಮ್ಮ ಹೇಳಿದರು. ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಅಜ್ಜಂಪುರಕ್ಕೆ ಹೋದೆ.

ಮಾವ ಕಾಲಿನ ಅಳತೆ ತೆಗೆದುಕೊಳ್ಳಲು ದಾರ ಹಿಡಿದವರು ಹಾಗೇ ನಿಂತರು. ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಈ ಅಂಗಾಲು ಇನ್ನೂ ನೆಲಾನೇ ಕಂಡಿಲ್ವಲ್ಲವ್ವ," ಎಂದರು.

ಬಿದ್ದರೆ ಏನು ಗತಿ ಮಾವ ಎಂದೆ. ಅವರು ಒಂದು ಗೆಜ್ಜೆ ತೆಗೆದು, ಕೊಂಡಿಯನ್ನು ದಪ್ಪ ಚಿಮಟದಲ್ಲಿ ಹಿಡಿದು ಉರಿ ಊದಿದರು. ಎಷ್ಟು ಊದಿದರೂ ಬೆಸುಗೆ ಕರಗಲಿಲ್ಲ. ಆಮೇಲೆ ಚಿಮಟ ಬಿಟ್ಟು, ಅಂಟು ಹಚ್ಚಿ, ತಂತಿ ಸುತ್ತಿ, ಕೈ ಹಿಂದಕ್ಕೆ ತೆಗೆದುಕೊಂಡು ಊದಿದರು. ಬೆಸುಗೆ ಫಳಕ್ಕೆಂದು ಹರಿದು ಕೂತಿತು.

"ಬಿಸಿಯೆಲ್ಲ ಚಿಮಟವೇ ಕುಡ್ದುಬಿಡ್ತದೆ ಕಣವ್ವ, ಬೆಳ್ಳಿ ಕಾಯೋದೇ ಇಲ್ಲ. ನೀವೂ ಮಗೀನ ಹಂಗೇ ಹಿಡ್ಕಂಡಿದ್ದೀರಿ. ಅದು ಯಾವಾಗ ನಿಂತ್ಕಬೇಕು?"

ಇಷ್ಟು ವರ್ಷ ನಾವು ನಕ್ಕಿದ್ದ ಹುಚ್ಚುತನ ಈಗ ನನ್ನ ಎದೆಗೇ ಬಂದು ನಾಟಿತು. ಸಿಟ್ಟೂ ಬಂತು, ಅಳುವೂ ಬಂತು. ಮಾವ ಅದ್ಯಾವುದನ್ನೂ ಗಮನಿಸಲಿಲ್ಲ. ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಸಾಗಿಸಿದರು. ಅಮ್ಮ, ಅತ್ತೆ, ನಾನು, ಮೂವರನ್ನೂ ಗೋಡೆಗೆ ಒರಗಿಸಿ ಕೂರಿಸಿ, ಅವರವರ ಮೊಣಕೈಯನ್ನು ಅವರವರೇ ಹಿಡಿದುಕೊಳ್ಳಬೇಕೆಂದು ಅಪ್ಪಣೆ ಮಾಡಿದರು. ನಮ್ಮ ಕೈಗಳ ಮೇಲೆ ಅವರಿಗೆ ಎಷ್ಟು ವಿಶ್ವಾಸ ನೋಡಿ! ಮಗುವನ್ನು ಮರದ ಪೆಟ್ಟಿಗೆ ಹಿಡಿಸಿ ನಿಲ್ಲಿಸಿ, ಎದುರಿಗೆ ಗೆಜ್ಜೆಯ ತಟ್ಟೆ ಇಟ್ಟುಕೊಂಡು ಕೂತು ಒಂದು ಗೆಜ್ಜೆಯನ್ನು ಅಲ್ಲಾಡಿಸಿದರು.

ಮಗು ಪೆಟ್ಟಿಗೆ ಬಿಟ್ಟಿತು, ಕುಕ್ಕರಿಸಿ ಬಿತ್ತು, ಕಿರುಚಿತು. ನಾನು ಏಳಹೋದೆ. ಮಾವ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಕೂತೆ. ನಾನು ಬರುತ್ತೇನೆಂದು ಅವಳು ಸ್ವಲ್ಪ ಹೊತ್ತು ಅಳುತ್ತಲೇ ಕಾದಳು. ಬರುವುದಿಲ್ಲ ಎಂದು ತಿಳಿದಾಗ ಅಳು ನಿಲ್ಲಿಸಿ, ಪೆಟ್ಟಿಗೆ ಹಿಡಿದು ಎದ್ದಳು. ಮತ್ತೆ ಕೈಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಎರಡು. ನನ್ನ ಉಗುರು ನನ್ನ ಮೊಣಕೈಗೇ ನಾಟಿತ್ತು. ಮೂರು.

ನಾಲ್ಕನೆಯದಕ್ಕೆ ಕೊಂಚ ವಾಲಿದಳು, ಅಷ್ಟೇ. ತಟ್ಟೆ ಮಗುಚಿ ಗೆಜ್ಜೆಗಳೆಲ್ಲ ಅಂಗಡಿ ತುಂಬ ಉರುಳಿದವು. ಮೊಣಕಾಲಿನ ಮೇಲೆ ನುಗ್ಗಿಬಂದು ಎರಡೂ ಕೈಯಲ್ಲಿ ಅವಳನ್ನು ಬಾಚಿ ಹಿಡಿದವರು ಮಾವ! ಮಗು ಬಿದ್ದಿರಲಿಲ್ಲ. ಬೀಳುತ್ತಲೂ ಇರಲಿಲ್ಲ.

ಹಿಡಿಯಬಾರದು ಅಂತ ನೀವೇ ಹೇಳಿದಿರಲ್ಲ ಮಾವ ಎಂದು ಕೇಳಿದೆ. ಕೇಳುವಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ಅವಳ ನೆತ್ತಿಗೆ ಗಲ್ಲ ಒತ್ತಿಕೊಂಡಿದ್ದರು. ಆ ಎರಡು ಕೈಗಳೂ ಅವಳನ್ನು ತಂತಿಯಂತೆ ಬಿಗಿದಿದ್ದವು.

"ನಾನ್ ಹೇಳಿದ್ದು ಬೆಳ್ಳಿಗೆ ಕಣವ್ವ," ಎಂದರು.

ಮಗಳು ಅವರ ಎದೆಯನ್ನು ಎರಡೂ ಕಾಲಿನಿಂದ ಒದೆಯುತ್ತಿದ್ದಳು. ಅವಳಿಗೆ ಕೆಳಗಿಳಿಯಬೇಕಿತ್ತು. ಮಾವ ಬಿಡಲು ತುಂಬ ಹೊತ್ತು ತೆಗೆದುಕೊಂಡರು.